ಹಡಗು ಹತ್ತುವ ಹಿಂದಿನ ರಾತ್ರಿ: ಹುಬ್ಬಳ್ಳಿ ಕಡೆಯವರು ರೂಮ್ ಹಿಡಿಯುವುದು ಹೇಗೆ

ಮುಂಬೈಯಿಂದ ಕ್ರೂಸ್ ಬುಕ್ ಮಾಡಿದವರು ಮೊದಲು ಹಾಕುವ ಲೆಕ್ಕ ಇದು: ಹಡಗು ಬಿಡುವುದು ಸಂಜೆ, ಹಿಂದಿನ ರಾತ್ರಿ ಹುಬ್ಬಳ್ಳಿಯಲ್ಲಿ ಸ್ಲೀಪರ್ ಬಸ್ ಹತ್ತಿದರೆ ಬೆಳಗ್ಗೆ ಮುಂಬೈ, ರೂಮಿನ ದುಡ್ಡು ಉಳಿಯಿತು. ದಯವಿಟ್ಟು ಈ ಲೆಕ್ಕ ಬಿಡಿ. ಖಂಡಾಲಾ ಘಟ್ಟದಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಮೂರು ನಾಲ್ಕು ತಾಸು ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರದ ಹತ್ತಿರ ಪಂಚಗಂಗೆ ಉಕ್ಕಿದಾಗ ಹೆದ್ದಾರಿ ದಿನಗಟ್ಟಲೆ ಬಂದಾಗಿತ್ತು. ಹಡಗಿನ ಗೇಟು ಮುಚ್ಚುವುದು ಅದು ಹೊರಡುವ ಹೊತ್ತಿಗಲ್ಲ, ಅದಕ್ಕಿಂತ ಒಂದು ತಾಸೋ ಹೆಚ್ಚೋ ಮೊದಲೇ. ತಪ್ಪಿಸಿಕೊಂಡವರಿಗೆ ಸಾಮಾನ್ಯವಾಗಿ ದುಡ್ಡು ವಾಪಸ್ ಬರುವುದಿಲ್ಲ, ಮುಂದಿನ ಬಂದರಿನಲ್ಲಿ ಹತ್ತಿಸಿಕೊಳ್ಳುತ್ತಾರೆಂಬ ಭರವಸೆಯೂ ಇಲ್ಲ. ಒಂದು ರಾತ್ರಿಯ ರೂಮ್ ಬಾಡಿಗೆ ಇದರ ಮುಂದೆ ಸಣ್ಣದು.

ರೂಮ್ ಹುಡುಕುವ ಮೊದಲು ಟಿಕೆಟ್ ತೆಗೆದು ಮೂರು ವಿಷಯ ಬರೆದಿಟ್ಟುಕೊಳ್ಳಿ: ಯಾವ ಟರ್ಮಿನಲ್, ಯಾವ ಗೇಟ್, ಬೋರ್ಡಿಂಗ್ ಮುಗಿಯುವುದು ಎಷ್ಟಕ್ಕೆ. ಮುಂಬೈಯಲ್ಲಿ ಕ್ರೂಸ್ ಹಡಗು ನಿಲ್ಲುವುದು ಬಲ್ಲಾರ್ಡ್ ಪಿಯರ್‌ನಲ್ಲಿ, ಅದು ಫೋರ್ಟ್ ಭಾಗದ ಬಲ್ಲಾರ್ಡ್ ಎಸ್ಟೇಟಿಗೆ ಹತ್ತಿದ ಜಾಗ. ಮ್ಯಾಪಿನಲ್ಲಿ ಬರೀ ‘ಮುಂಬೈ ಪೋರ್ಟ್’ ಎಂದು ಹಾಕಬೇಡಿ, ಬಂದರಿನ ಜಾಗ ಕಿಲೋಮೀಟರುಗಟ್ಟಲೆ ಹಬ್ಬಿದೆ. ಟಿಕೆಟ್ಟಿನಲ್ಲಿರುವ ಗೇಟಿನ ಹೆಸರನ್ನೇ ಹಾಕಿ ಅಲ್ಲಿಂದ ದೂರ ಅಳೆಯಿರಿ. ಮೂರು ಕಿಲೋಮೀಟರಿನೊಳಗೆ ರೂಮ್ ಸಿಕ್ಕರೆ ಬೇರೆಲ್ಲ ಕೊರತೆ ಸಹಿಸಬಹುದು. ಫೋರ್ಟ್, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣ) ಸುತ್ತಮುತ್ತ, ಕೊಲಾಬಾ ಈ ಅಳತೆಗೆ ಬರುತ್ತವೆ. ಅಂಧೇರಿಯಲ್ಲೋ ನವಿ ಮುಂಬೈಯಲ್ಲೋ ಸಾವಿರ ರೂಪಾಯಿ ಕಡಿಮೆ ಎಂದು ಉಳಿದರೆ ಆ ಸಾವಿರ ಮರುದಿನ ಟ್ಯಾಕ್ಸಿಗೆ ಹೋಗುತ್ತದೆ, ಮೇಲೆ ಟ್ರಾಫಿಕ್ಕಿನ ಆತಂಕ ಬೇರೆ.

ನಮ್ಮ ಕಡೆಯವರಿಗೆ ನಿಜವಾದ ತೊಡಕು ಬರುವುದು ಚೆಕ್-ಇನ್ ಹೊತ್ತಿನಲ್ಲಿ. ಹುಬ್ಬಳ್ಳಿಯಿಂದ ಹಿಂದಿನ ದಿನದ ರೈಲಿಗೆ ಹೊರಟರೆ ಬೆಳಗ್ಗೆ ದಾದರ್ ಮುಟ್ಟುತ್ತೀರಿ. ಗದಗದ ಮೇಲೆ ಹೋಗುವ ಹೊಸಪೇಟೆ–ಮುಂಬೈ ರೈಲು ಸೊಲ್ಲಾಪುರದ ಮೇಲೆ ಹಾದು ನೇರ ಸಿಎಸ್‌ಎಂಟಿಗೇ ಹೋಗುವುದರಿಂದ ಗದಗಿನವರಿಗೆ ಅದೇ ಅನುಕೂಲ. ಆದರೆ ಬಹಳಷ್ಟು ಹೋಟೆಲುಗಳು ರೂಮ್ ಕೊಡುವುದು ಮಧ್ಯಾಹ್ನ 12 ಇಲ್ಲವೆ 2ಕ್ಕೆ. ಬೆಳಗ್ಗೆ 6ಕ್ಕೆ ಇಳಿದು ಮರುದಿನ 12ಕ್ಕೆ ಹೊರಡುವುದಾದರೆ ನಿಮಗೆ ಬೇಕಾದದ್ದು 30 ತಾಸು, ಬುಕ್ ಆಗಿರುವುದು 22–24 ತಾಸು. ‘24 ತಾಸಿನ ಚೆಕ್-ಔಟ್’ ಇರುವ ಹೋಟೆಲ್ ಹಿಡಿದರೂ ರೂಮ್ ಮರುದಿನ 6ಕ್ಕೇ ಬಿಡಬೇಕು, ಇದನ್ನು ಮರೆತು ಮೋಸಹೋಗುವವರು ಹೆಚ್ಚು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ 12ರ ಚೆಕ್-ಇನ್ ಇರುವ ಹೋಟೆಲನ್ನೇ ಹಿಡಿದು, ಬೇಗ ರೂಮ್ ಕೊಡಲು ಅರ್ಧ ದಿನದ ಬಾಡಿಗೆ ಎಷ್ಟೆಂದು ಮೊದಲೇ ಮಾತಾಡಿ. ಗಟ್ಟಿಗರಷ್ಟೇ ಇದ್ದರೆ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಬ್ಯಾಗ್ ಇಟ್ಟು ತಿರುಗಾಡಬಹುದು, ಬೀಗ ಹಾಕದ ಬ್ಯಾಗನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ವಿಮಾನದಲ್ಲಿ ಹಿಂದಿನ ದಿನ ಮಧ್ಯಾಹ್ನ ಇಳಿಯುವವರಿಗೆ ಈ ತೊಂದರೆಯೇ ಇಲ್ಲ.

ಆನ್‌ಲೈನ್‌ನಲ್ಲಿ ಬುಕ್ ಮಾಡಿದ್ದರೂ ಹೋಟೆಲಿಗೆ ಒಮ್ಮೆ ಫೋನ್ ಮಾಡಿ. ಲಿಫ್ಟ್ ಇದೆಯೇ, ಅದು ರೂಮಿನ ಮಹಡಿವರೆಗೆ ಬರುತ್ತದೆಯೇ ಕೇಳಿ. ಫೋರ್ಟಿನ ಎಷ್ಟೋ ಲಾಡ್ಜುಗಳು ಹಳೇ ಕಟ್ಟಡಗಳ ಮೇಲ್ಮಹಡಿಯಲ್ಲಿವೆ, ಮರದ ಮೆಟ್ಟಿಲ ಮೇಲೆ 20 ಕಿಲೋ ಸೂಟ್‌ಕೇಸ್ ಹೊರುವುದು ಸುಲಭವಲ್ಲ. ಕಿಟಕಿ ಇದೆಯೇ ಕೇಳಿ. ಮೂರನೆಯವರಿಗೆ ಹಾಸಿಗೆಯೋ ನೆಲದ ಮೇಲೆ ಗಾದಿಯೋ ಎಂದು ಬಿಡಿಸಿ ಕೇಳಿ. ಹೇಳಿದ ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯೇ ತಿಳಿದುಕೊಳ್ಳಿ: ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5, ಅದರ ಮೇಲೆ ಶೇ. 18. ಕೊನೆಗೆ, ರೂಮ್ ಬಿಟ್ಟ ಮೇಲೆ ಎರಡು ಮೂರು ತಾಸು ಬ್ಯಾಗ್ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು.

ಹೋಟೆಲಿನಿಂದ ಗೇಟಿಗೆ ಹೋಗುವುದು ಹೇಗೆಂಬುದೂ ರೂಮ್ ಆಯ್ಕೆಯ ಭಾಗವೇ. ಹುಬ್ಬಳ್ಳಿಯಲ್ಲಿದ್ದಂತೆ ಕೈ ಮಾಡಿದರೆ ಆಟೋ ಸಿಗುತ್ತದೆಂದು ತಿಳಿಯಬೇಡಿ. ದಕ್ಷಿಣ ಮುಂಬೈಗೆ ಆಟೋಗಳಿಗೆ ಪ್ರವೇಶವೇ ಇಲ್ಲ, ದಾದರ್‌ನಲ್ಲೂ ಸಿಗುವುದು ಟ್ಯಾಕ್ಸಿ ಮಾತ್ರ. ಆ ಕಪ್ಪು-ಹಳದಿ ಟ್ಯಾಕ್ಸಿಗಳು ಓಡುವುದು ಸಿಎನ್‌ಜಿಯಲ್ಲಿ. ಡಿಕ್ಕಿ ತೆಗೆದು ನೋಡಿದರೆ ಅಡ್ಡಲಾಗಿ ಸಿಲಿಂಡರ್ ಮಲಗಿರುತ್ತದೆ, ಉಳಿದ ಸಂದಿಯಲ್ಲಿ ಒಂದು ದೊಡ್ಡ ಬ್ಯಾಗ್ ಕೂತರೆ ಪುಣ್ಯ. ನಾಲ್ಕು ಜನ, ನಾಲ್ಕು ಬ್ಯಾಗ್ ಎಂದರೆ ಎರಡು ಟ್ಯಾಕ್ಸಿ, ಇಲ್ಲವೆ ದೊಡ್ಡ ಗಾಡಿ ಹಿಂದಿನ ರಾತ್ರಿಯೇ ಹೇಳಿಡಬೇಕು. ದಾದರ್ ಹತ್ತಿರ ಉಳಿದು ಲೋಕಲ್ ರೈಲಿನಲ್ಲಿ ಬರುವ ಯೋಚನೆಯಿದ್ದರೆ ಬೆಳಗ್ಗೆ 8ರಿಂದ 11ರವರೆಗೆ ಬ್ಯಾಗ್ ಹಿಡಿದು ಹತ್ತುವುದೇ ಆಗುವುದಿಲ್ಲ, ಭಾನುವಾರವಾದರೆ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಇರುತ್ತದೆ. ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್‌ಗಾಗಿ ಸಿಎಸ್‌ಎಂಟಿ ಸುತ್ತಲಿನ ರಸ್ತೆಗಳನ್ನೂ ಮುಚ್ಚುತ್ತಾರೆ. ಅಂದು ಹಡಗಿದ್ದರೆ ನಡೆದು ಹೋಗುವಷ್ಟು ಹತ್ತಿರವೇ ರೂಮ್ ಹಿಡಿಯಿರಿ.

ಗೋವಾದಿಂದ ಹತ್ತುವವರು ಮಾಡುವ ತಪ್ಪು ಬೇರೆ. ಹಡಗು ಬರುವುದು ಮುರಗಾಂವ್ ಬಂದರಿಗೆ, ಅದು ವಾಸ್ಕೋದಲ್ಲಿದೆ. ಪಣಜಿಯಲ್ಲಿ ಸಂಜೆ ಮಾಂಡವಿ ನದಿಯಲ್ಲಿ ತಿರುಗಿಸುವ ದೋಣಿಗೂ ಇದಕ್ಕೂ ಸಂಬಂಧವಿಲ್ಲ. ಕಲಂಗೂಟ್, ಬಾಗಾ ಬೀಚಿನಲ್ಲಿ ರೂಮ್ ಹಿಡಿದರೆ ಬೆಳಗ್ಗೆ ಇಡೀ ಗೋವಾ ದಾಟಿ ಬರಬೇಕು. ವಾಸ್ಕೋ, ದಾಬೋಳಿ, ಬೊಗಮಾಳೊ ಸಾಕು. ಹುಬ್ಬಳ್ಳಿಯಿಂದ ವಾಸ್ಕೋಗೆ ನೇರ ರೈಲಿದೆ, ಆದರೆ ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುವಾಗ ಮಳೆಗಾಲದಲ್ಲಿ ಗುಡ್ಡ ಕುಸಿದು ನಿಲ್ಲುವುದುಂಟು. ಸ್ವಂತ ಕಾರಿನಲ್ಲಿ ಹೋಗುವವರು ವಾಪಸ್ ಬರುವವರೆಗೆ ಹೋಟೆಲಿನಲ್ಲಿ ಕಾರ್ ನಿಲ್ಲಿಸಲು ಬಿಡುತ್ತಾರೆಯೇ, ದಿನಕ್ಕೆಷ್ಟು ಎಂಬುದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಅದಕ್ಕೂ ಮೊದಲು ಪ್ರಯಾಣ ಎಲ್ಲಿ ಮುಗಿಯುತ್ತದೆ ನೋಡಿ: ಗೋವಾದಲ್ಲಿ ಹತ್ತಿ ಮುಂಬೈಯಲ್ಲಿ ಇಳಿಯುವ ಟಿಕೆಟ್ಟಾದರೆ ಕಾರ್ ಮನೆಯಲ್ಲೇ ಇರಲಿ.

ಸಿಂಗಾಪುರದಿಂದ ಹೊರಡುವವರು ಮರೀನಾ ಬೇ ಟರ್ಮಿನಲ್ಲೋ ಹಾರ್ಬರ್‌ಫ್ರಂಟೋ ಎಂದು ಖಚಿತ ಮಾಡಿಕೊಂಡು ರೂಮ್ ನೋಡಬೇಕು, ಎರಡೂ ಬೇರೆ ಬೇರೆ ಕಡೆ ಇವೆ.

ಬುಕ್ ಮಾಡುವಾಗ ಕ್ಯಾನ್ಸಲ್ ಮಾಡಿದರೆ ದುಡ್ಡು ಮರಳುವ ದರವನ್ನೇ ಆರಿಸಿ, ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ಅರಬ್ಬಿ ಸಮುದ್ರದಲ್ಲಿ ಮೇ–ಜೂನ್‌ನಲ್ಲೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೂ ಚಂಡಮಾರುತ ಏಳುತ್ತವೆ, ಹಡಗಿನ ದಿನ ಬದಲಾಗಬಹುದು.

ಆ ರಾತ್ರಿ ರೂಮಿನಲ್ಲಿ ಮಾಡಿ ಮುಗಿಸುವ ಕೆಲಸಗಳಿವೆ. ಇಸ್ತ್ರಿಪೆಟ್ಟಿಗೆಯನ್ನು ಹಡಗಿನೊಳಗೆ ಬಿಡುವುದಿಲ್ಲ, ಬಟ್ಟೆ ಇಲ್ಲೇ ತೀಡಿಕೊಳ್ಳಿ. ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಅಂದೇ ಉಂಡುಬಿಡಿ, ಹೊರಗಿನ ಅಡುಗೆಯನ್ನು ಬಹುತೇಕ ಹಡಗುಗಳಲ್ಲಿ ಒಪ್ಪುವುದಿಲ್ಲ. ವೆಬ್ ಚೆಕ್-ಇನ್ ಮಾಡಿ ಬೋರ್ಡಿಂಗ್ ಪಾಸನ್ನು ರಿಸೆಪ್ಶನ್‌ನಲ್ಲಿ ಪ್ರಿಂಟ್ ತೆಗೆಸಿ. ಹೋಟೆಲಿನವರಿಗೆ ಕೊಡಲು ಆಧಾರ್ ಜೆರಾಕ್ಸ್ ಊರಿಂದಲೇ ತನ್ನಿ. ಅಸಲು ಕಾರ್ಡನ್ನು ಕೌಂಟರಿನಲ್ಲಿ ಬಿಡಬೇಡಿ, ಬೆಳಗಿನ ಗಡಿಬಿಡಿಯಲ್ಲಿ ಅಲ್ಲೇ ಉಳಿದರೆ ಗೇಟಿನಲ್ಲಿ ತೋರಿಸಲು ಏನೂ ಇರುವುದಿಲ್ಲ.