ಅಪ್‌ಡೇಟ್ ನಕಲಿನ ಮೇಲೆ, ಅಸಲು ಡ್ರಾಯರ್‌ನಲ್ಲಿ

ಹಾಡು ರೆಕಾರ್ಡ್ ಮಾಡುವ ನನ್ನ ಸ್ಟುಡಿಯೋದ ಕಂಪ್ಯೂಟರಿನ ಸಿ ಡ್ರೈವ್ ಈಗಲೂ ಸಾಟಾ ಎಸ್‌ಎಸ್‌ಡಿ, ಅಂದರೆ ಹಳೇ ಬಗೆಯ, ನಿಧಾನದ ಎಸ್‌ಎಸ್‌ಡಿ. ಅದೂ ಒಂದಲ್ಲ, ಒಂದೇ ಮಾಡೆಲ್‌ನ ಎರಡು: ಒಂದು ಅಸಲು, ಇನ್ನೊಂದು ಅದರ ಪೂರ್ತಿ ನಕಲು (ಕ್ಲೋನ್), ಅಪ್‌ಡೇಟ್ ಕೆಟ್ಟರೆ ವಾಪಸ್ ಬರುವುದಕ್ಕೆ. ಇದನ್ನು ಹೇಳಿದಾಗ ಗೆಳೆಯರು ಒಪ್ಪಲೇ ಇಲ್ಲ. ಸೆಕೆಂಡಿಗೆ 3500 ಎಂಬಿ ಓದುವ ಎನ್‌ವಿಎಂಇ (ಮದರ್‌ಬೋರ್ಡ್‌ಗೇ ಕೂರುವ ವೇಗದ ಎಸ್‌ಎಸ್‌ಡಿ) ಬಿಟ್ಟು 550ಕ್ಕೆ ಯಾಕೆ ಇಳಿಯಬೇಕು ಅಂದರು ಒಬ್ಬರು. ಕ್ಲೋನ್ ಮಾಡಿದರೆ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್) ಲೈಸೆನ್ಸ್ ಎಲ್ಲಾ ಹೋಗುತ್ತೆ ಅಂದರು ಇನ್ನೊಬ್ಬರು. ವಿಂಡೋಸನ್ನು ಹಿಂದಿನ ಸ್ಥಿತಿಗೆ ತರುವ ಸಿಸ್ಟಮ್ ರಿಸ್ಟೋರ್ ಇದೆಯಲ್ಲ, ಇಷ್ಟೆಲ್ಲಾ ಯಾಕೆ ಅನ್ನುವವರೂ ಇದ್ದರು. ಎರಡು ವರ್ಷದ ಮೇಲಾಯಿತು. ಎಷ್ಟೋ ಅಪ್‌ಡೇಟ್ ಬಂದವು, ಕೆಲವು ಕೆಟ್ಟದಾಗಿಯೇ ಬಂದವು. ಒಂದು ಸೆಷನ್ನೂ ತಪ್ಪಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿಧಾನ ಇಷ್ಟೇ. ಅಪ್‌ಡೇಟ್‌ಗೆ ಮುಂಚೆ ಸಿ ಡ್ರೈವ್ ಅನ್ನು ಎರಡನೇ ಎಸ್‌ಎಸ್‌ಡಿಗೆ ಕ್ಲೋನ್ ಮಾಡುತ್ತೇನೆ. ಅಸಲನ್ನು ಕಳಚಿ ಡ್ರಾಯರ್‌ನಲ್ಲಿ ಇಡುತ್ತೇನೆ. ನಕಲಿನಿಂದ ಬೂಟ್ ಮಾಡಿ, ಅಪ್‌ಡೇಟನ್ನು ಅದರ ಮೇಲೆ ಓಡಿಸುತ್ತೇನೆ. ಎಲ್ಲರೂ ನಕಲನ್ನು ಎತ್ತಿಟ್ಟು ಅಸಲಿನ ಮೇಲೆ ಕೈ ಹಾಕುತ್ತಾರೆ. ನಾನು ಉಲ್ಟಾ. ಇದರಲ್ಲಿ ದೊಡ್ಡ ಲಾಭ ಒಂದಿದೆ: ನಕಲು ಬೂಟ್ ಆಗುತ್ತೋ ಇಲ್ಲವೋ ಅನ್ನುವುದು ಅಪ್‌ಡೇಟ್‌ಗೆ ಮುಂಚೆಯೇ ಗೊತ್ತಾಗುತ್ತದೆ. ಕೆಟ್ಟ ಮೇಲೆ ಬ್ಯಾಕಪ್ ತೆಗೆದು, ಅದು ಏಳದೆ ಹೋದರೆ ಯಾರನ್ನು ಕೇಳೋಣ?

ಇಲ್ಲಿಗೆ ಬರುವ ಮುಂಚೆ ದುಡ್ಡು ಸುಮಾರು ಸುರಿದಿದ್ದೇನೆ. ಮೊದಲು ಕ್ಲೌಡ್. ಒಂದು ವರ್ಷಕ್ಕೂ ಜಾಸ್ತಿ ತಿಂಗಳು ತಿಂಗಳು ಕಟ್ಟಿದೆ. 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಒಂದು ಟಿಬಿ ಏರಬೇಕಾದರೆ ನಿಲ್ಲಿಸದೆ ಒಂಬತ್ತು ದಿನ ಬೇಕು. ಸಾಲದ್ದಕ್ಕೆ ಅದು ಸಿಂಕ್, ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಆಮೇಲೆ ನ್ಯಾಸ್ (ನೆಟ್‌ವರ್ಕಿಗೆ ಸೇರಿಸುವ ಡಿಸ್ಕ್ ಪೆಟ್ಟಿಗೆ) ತಂದೆ. ಫೈಲ್‌ಗಳಿಗೆ ಚೆನ್ನಾಗಿತ್ತು, ಆದರೆ ಫೈಲ್ ಉಳಿದರೆ ಸ್ಟುಡಿಯೋ ಉಳಿದಂತಲ್ಲ. ಇನ್ನೂರು ಚಿಲ್ಲರೆ ಪ್ಲಗಿನ್ ಮತ್ತೆ ಇನ್‌ಸ್ಟಾಲ್ ಮಾಡಿ, ಲಾಗಿನ್ ಮಾಡಿ, ಸ್ಯಾಂಪಲ್ ಲೈಬ್ರರಿಗಳ (ರೆಕಾರ್ಡ್ ಮಾಡಿದ ವಾದ್ಯದ ಸದ್ದುಗಳ ಸಂಗ್ರಹ) ಪಾತ್ ತೋರಿಸಿ, ಶಾರ್ಟ್‌ಕಟ್‌ಗಳನ್ನು ಕೂರಿಸುವುದಕ್ಕೆ ವಾರ ಬೇಕು. ನ್ಯಾಸನ್ನು ಅರ್ಧ ಬೆಲೆಗೆ ಕೊಟ್ಟುಬಿಟ್ಟೆ. ಸಿಸ್ಟಮ್ ರಿಸ್ಟೋರ್ ಬೇಕಾದ ದಿನವೇ ಕೈಕೊಟ್ಟಿತು. ಆಡಿಯೋ ಇಂಟರ್‌ಫೇಸ್‌ನ (ಮೈಕಿನ ಸದ್ದನ್ನು ಕಂಪ್ಯೂಟರಿಗೆ ತರುವ ಪೆಟ್ಟಿಗೆ) ಹೊಸ ಡ್ರೈವರ್‌ನಲ್ಲಿ 128 ಬಫರ್‌ಗೆ (ಒಂದು ಸಲಕ್ಕೆ ಕೂಡಿಡುವ ಸದ್ದಿನ ತುಣುಕುಗಳ ಲೆಕ್ಕ) ಪಟಪಟ ಅಂತ ಕ್ಲಿಕ್ ಬರುತ್ತಿತ್ತು, 512ಕ್ಕೆ ಏರಿಸಿದರೆ ನಿಲ್ಲುತ್ತಿತ್ತು. 48 ಕಿಲೋಹರ್ಟ್ಸ್‌ನಲ್ಲಿ 512 ಅಂದರೆ ಬಫರ್ ಒಂದರಿಂದಲೇ ಸದ್ದು ಹತ್ತೂವರೆ ಮಿಲಿಸೆಕೆಂಡ್‌ಗೂ ಹೆಚ್ಚು ತಡವಾಗುತ್ತದೆ. ಹಾಡುವವರು ಹೆಡ್‌ಫೋನ್ ತೆಗೆದು ನನ್ನ ಮುಖ ನೋಡಿದರು. ರಿಸ್ಟೋರ್ ಪಾಯಿಂಟ್ ಒತ್ತಿದರೆ ಅರ್ಧದಲ್ಲಿ ಎರರ್.

ಈಗಿನ ಏರ್ಪಾಡಿಗೆ ಆದ ಖರ್ಚು ಎರಡು 500 ಜಿಬಿ ಎಸ್‌ಎಸ್‌ಡಿ, ಕ್ಯಾಬಿನೆಟ್ ಮುಂದೆ ಕೂರುವ ಒಂದು ಟ್ರೇ. ಒಂದು ದೊಡ್ಡ ಆರ್ಕೆಸ್ಟ್ರಾ ಲೈಬ್ರರಿಯ ಬೆಲೆಯ ಕಾಲು ಭಾಗವೂ ಆಗಲಿಲ್ಲ. ಎನ್‌ವಿಎಂಇ ಆದರೆ ಪ್ರತಿ ಸಲ ಕ್ಯಾಬಿನೆಟ್ ಬಿಚ್ಚಿ, ಗ್ರಾಫಿಕ್ಸ್ ಕಾರ್ಡ್ ಕೆಳಗಿನ ಪುಟಾಣಿ ಸ್ಕ್ರೂ ಹುಡುಕಬೇಕು. ಟ್ರೇ ಆದರೆ ಕಂಪ್ಯೂಟರ್ ಆಫ್ ಮಾಡಿ ಬಾಗಿಲು ಎಳೆದರೆ ಸಾಕು. ವೇಗದ ವಿಷಯ ಹೇಳುವುದಾದರೆ, ನನ್ನ ಸ್ಯಾಂಪಲ್‌ಗಳು ಇರುವುದು ಡಿ ಡ್ರೈವ್‌ನಲ್ಲಿ, ಅದು ಎನ್‌ವಿಎಂಇ. ಸಿ ಡ್ರೈವ್‌ನಲ್ಲಿ ವಿಂಡೋಸ್, ಡಿಎಡಬ್ಲ್ಯೂ (ರೆಕಾರ್ಡಿಂಗ್, ಮಿಕ್ಸಿಂಗ್ ಮಾಡುವ ಸಾಫ್ಟ್‌ವೇರ್), ಪ್ಲಗಿನ್ ಇಷ್ಟೇ. ಬೂಟ್ ಆಗುವಾಗ ನಾಲ್ಕೈದು ಸೆಕೆಂಡ್ ಜಾಸ್ತಿ ಹಿಡಿಯಬಹುದು. ಟೆಂಪ್ಲೇಟ್ ಲೋಡ್ ಆಗುವುದರಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ.

ಕ್ಲೋನ್ ಮಾಡುವುದು ಕ್ಲೋನ್‌ಜಿಲ್ಲಾ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಇದಕ್ಕೆ ದುಡ್ಡಿಲ್ಲ. ತುಂಬಿರುವುದು ಇನ್ನೂರು ಜಿಬಿ ಹತ್ತಿರ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಒಂದೇ ಮಾಡೆಲ್‌ನ ಎರಡು ಎಸ್‌ಎಸ್‌ಡಿ ತಂದದ್ದಕ್ಕೆ ಕಾರಣವಿದೆ. 500 ಅಂತ ಮಾರುವವರೂ 480 ಅಂತ ಮಾರುವವರೂ ಇದ್ದಾರೆ. ಗುರಿಯ ಡಿಸ್ಕ್ ಸ್ವಲ್ಪ ಚಿಕ್ಕದಿದ್ದರೂ ನೇರ ಕ್ಲೋನ್ ನಡೆಯುವುದಿಲ್ಲ.

ಮುಗಿದ ಮೇಲೆ ಎರಡನ್ನೂ ಒಟ್ಟಿಗೆ ಚುಚ್ಚಿಟ್ಟು ವಿಂಡೋಸ್ ಬೂಟ್ ಮಾಡಬೇಡಿ. ಎರಡು ಡಿಸ್ಕ್‌ಗೂ ಒಂದೇ ಗುರುತಿನ ನಂಬರ್ ಇರುತ್ತದೆ. ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿ ಕೂರಿಸುತ್ತದೆ. ನೀವು ಅದನ್ನು ಸುಮ್ನೆ ಆನ್‌ಲೈನ್ ಅಂತ ಒತ್ತಿದರೆ ಗುರುತು ಬದಲಾಗಿ, ಆಮೇಲೆ ಆ ಡಿಸ್ಕ್ ಬೂಟ್ ಆಗದೆ ಹೋಗಬಹುದು. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ಕ್ಲೋನ್‌ಗೆ ಮುಂಚೆಯೇ ಆಫ್ ಮಾಡಿ ಪೂರ್ತಿ ಡಿಕ್ರಿಪ್ಟ್ ಆಗಲು ಬಿಡಿ. ರಿಕವರಿ ಕೀ ಕಾಗದದ ಮೇಲೆ ಇರಲಿ. ಅದೇ ಕಂಪ್ಯೂಟರ್‌ನ ಒಳಗೆ ಇಟ್ಟರೆ ಏನು ಬಂತು, ಅಲ್ವಾ?

ಲೈಸೆನ್ಸ್ ವಿಷಯದಲ್ಲಿ ಗೆಳೆಯರ ಮಾತು ಅರ್ಧ ನಿಜ. ಐಲಾಕ್ ಯುಎಸ್‌ಬಿಯಲ್ಲಿ (ಲೈಸೆನ್ಸ್ ಇಟ್ಟುಕೊಳ್ಳುವ ಪುಟ್ಟ ಕೀಲಿ) ಇರುವುದಕ್ಕೆ ಏನೂ ಆಗಲ್ಲ, ಅದಕ್ಕೆ ಡಿಸ್ಕ್ ಬದಲಾದದ್ದು ಲೆಕ್ಕಕ್ಕೇ ಇಲ್ಲ. ಕಂಪ್ಯೂಟರಿಗೆ ಕಟ್ಟಿದ ಲೈಸೆನ್ಸ್‌ಗಳು ಹಾಗಲ್ಲ. ಕೆಲವು ವಾಲ್ಯೂಮ್ ಸೀರಿಯಲ್ (ಫಾರ್ಮ್ಯಾಟ್ ಮಾಡುವಾಗ ಬೀಳುವ ನಂಬರ್) ನೋಡುತ್ತವೆ, ಅದು ಕ್ಲೋನ್ ಜೊತೆಗೇ ಬರುತ್ತದೆ. ಕೆಲವು ಡ್ರೈವ್‌ನ ಸ್ವಂತ ಸೀರಿಯಲ್ ನೋಡುತ್ತವೆ, ಅದು ಬರಲ್ಲ. ಮೊದಲ ಸಲ ಮೂರ್ನಾಲ್ಕು ಪ್ಲಗಿನ್ ನಕಲನ್ನು ಹೊಸ ಕಂಪ್ಯೂಟರ್ ಅಂತಲೇ ಎಣಿಸಿದವು. ಒಂದರಲ್ಲಿ ಇದ್ದ ಎರಡೂ ಆಕ್ಟಿವೇಶನ್ ಅಲ್ಲಿಗೇ ಖಾಲಿ. ಸಪೋರ್ಟ್‌ಗೆ ಮೇಲ್ ಬರೆದು ಕಾಯಬೇಕಾಯಿತು. ಈಗ ಅವೇ ಪ್ಲಗಿನ್‌ಗಳು ಎರಡೂ ಡಿಸ್ಕ್‌ನಲ್ಲಿ ತಕರಾರಿಲ್ಲದೆ ಏಳುತ್ತವೆ. ಡಿಆಕ್ಟಿವೇಟ್ ಯಾವಾಗ, ಕ್ಲೋನ್ ಯಾವಾಗ, ಮತ್ತೆ ಆಕ್ಟಿವೇಟ್ ಯಾವ ಡಿಸ್ಕ್‌ನಲ್ಲಿ ಮೊದಲು ಅನ್ನುವ ಕ್ರಮದಲ್ಲಿ ಅದರ ಗುಟ್ಟು ಇದೆ. ತಿಂಗಳುಗಟ್ಟಲೆ ಕೂತು ಕಂಡುಕೊಂಡದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ. ಕಂಪ್ಯೂಟರಿಗೆ ಕಟ್ಟಿದ ಲೈಸೆನ್ಸ್‌ಗಳ ಪಟ್ಟಿ ಮಾಡಿಕೊಂಡು ಕೂತರೆ ನಿಮಗೂ ಸಿಗುತ್ತದೆ.

ಸಿ ಡ್ರೈವ್ ಉಳಿಸಿಕೊಂಡೂ ಕೆಲಸ ಕಳೆದುಕೊಳ್ಳುವ ದಾರಿ ಇನ್ನೊಂದಿದೆ, ಇದನ್ನು ಹೇಳುವವರು ಕಡಿಮೆ. ಡಿಎಡಬ್ಲ್ಯೂನ ಹೊಸ ವರ್ಷನ್‌ನಲ್ಲಿ ಪ್ರಾಜೆಕ್ಟ್ ತೆರೆದು, ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತುತ್ತೀರಿ. ಅಪ್‌ಡೇಟ್ ಸರಿಯಿಲ್ಲ ಅಂತ ಅಸಲು ಡಿಸ್ಕ್‌ಗೆ ವಾಪಸ್ ಬರುತ್ತೀರಿ. ಹಳೇ ವರ್ಷನ್ ಆ ಫೈಲ್ ತೆರೆಯುವುದೇ ಇಲ್ಲ, ಅಥವಾ ಅರ್ಧಂಬರ್ಧ ತೆರೆಯುತ್ತದೆ. ಅದಕ್ಕೇ ಪರೀಕ್ಷೆ ಮುಗಿಯುವವರೆಗೆ ಪ್ರಾಜೆಕ್ಟ್ ಡ್ರೈವ್‌ನ ಕೇಬಲ್ ಕಿತ್ತಿಡುತ್ತೇನೆ. ಎರಡು ಮೂರು ಪ್ರಾಜೆಕ್ಟ್‌ಗಳ ಕಾಪಿ ಮಾತ್ರ ಬೇರೆ ಫೋಲ್ಡರ್‌ನಲ್ಲಿ ಇಟ್ಟು ಅವುಗಳ ಮೇಲೆ ಆಟ.

ದೊಡ್ಡ ವರ್ಷನ್ ಬದಲಾವಣೆ ಇದ್ದರೆ ನಡೆಯುತ್ತಿರುವ ಹಾಡುಗಳ ಸ್ಟೆಮ್‌ಗಳನ್ನೂ (ಹಾಡಿನ ಒಂದೊಂದು ಭಾಗದ ಬೇರೆ ಬೇರೆ ಆಡಿಯೋ ಫೈಲ್) ತೆಗೆದಿಡುತ್ತೇನೆ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ಅಂದರೆ ನಿಮಿಷಕ್ಕೆ 17 ಎಂಬಿ ಚಿಲ್ಲರೆ. ನಾಲ್ಕು ನಿಮಿಷದ ಹಾಡಿಗೆ ಮೂವತ್ತು ಸ್ಟೆಮ್, ಎರಡು ಜಿಬಿ. ಸದ್ದು ಕೆಡದಂತೆ ಫೈಲ್ ಕುಗ್ಗಿಸುವ ಫ್ಲ್ಯಾಕ್ ಮಾಡಿ ನೋಡಿದೆ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ನಡುನಡುವೆ ಮೌನ ಇರುವ ಸ್ಟೆಮ್‌ಗಳಂತೂ ಇನ್ನೂ ಕಡಿಮೆ. ಆದರೆ 32 ಬಿಟ್ ಫ್ಲೋಟ್ (ಸೊನ್ನೆ ಡಿಬಿ ದಾಟಿದ ಸದ್ದನ್ನೂ ಹಿಡಿದಿಡುವ ಬಗೆ) ಫೈಲ್ ಫ್ಲ್ಯಾಕ್‌ಗೆ ಹೋಗುವುದಿಲ್ಲ. 24ಕ್ಕೆ ಇಳಿಸಬೇಕು, ಸೊನ್ನೆ ಡಿಬಿ ದಾಟಿದ ಪೀಕ್ ಇದ್ದರೆ ಕ್ಲಿಪ್ ಆಗುತ್ತದೆ, ಅಂದರೆ ಅದರ ತುದಿ ಕತ್ತರಿಸಿ ಹೋಗುತ್ತದೆ. ಆ ತಲೆನೋವು ಬೇಡ ಅಂತ ಈಗ ವೇವ್ ಫೈಲನ್ನೇ ಇಡುತ್ತೇನೆ.

ಅಪ್‌ಡೇಟ್ ಸರಿಯಾಯಿತು ಅನ್ನುವುದು ಹೇಗೆ ಗೊತ್ತಾಗಬೇಕು? ತೆರೆಯಿತು, ಸದ್ದು ಬಂತು, ಅಷ್ಟು ಸಾಲದು. ಒಂದು ಮುಗಿದ ಮಿಕ್ಸನ್ನು ಮುಂಚೆ ರೆಂಡರ್ ಮಾಡಿಡುತ್ತೇನೆ (ಒಂದೇ ಆಡಿಯೋ ಫೈಲ್ ಆಗಿ ತೆಗೆಯುವುದು), ಅಪ್‌ಡೇಟ್ ಆದ ಮೇಲೆ ಮತ್ತೆ ರೆಂಡರ್. ಎರಡನ್ನೂ ಒಂದರ ಕೆಳಗೆ ಒಂದು ಇಟ್ಟು ಒಂದರ ಫೇಸ್ ತಿರುಗಿಸಿದರೆ, ಅಂದರೆ ಅಲೆಯನ್ನು ತಲೆಕೆಳಗು ಮಾಡಿದರೆ, ಒಂದನ್ನೊಂದು ಅಳಿಸಿ ಪೂರ್ತಿ ನಿಶ್ಶಬ್ದ ಆಗಬೇಕು. ಮಾಡ್ಯುಲೇಶನ್ ಇರುವ ರಿವರ್ಬ್, ನಾಯ್ಸ್ ಸೇರಿಸುವ ಟೇಪ್ ಪ್ಲಗಿನ್ ಇದ್ದರೆ ಎಂದೂ ಸೊನ್ನೆ ಆಗಲ್ಲ, ಅವನ್ನು ಬೈಪಾಸ್ ಮಾಡಿಯೇ ರೆಂಡರ್ ಮಾಡಬೇಕು. ಒಮ್ಮೆ ಹೀಗೆ ನೋಡುವಾಗ ನಿಶ್ಶಬ್ದ ಇರಬೇಕಾದಲ್ಲಿ ಸ್ನೇರ್ ಡ್ರಮ್ಮಿನ ತುದಿ ಮಾತ್ರ ಟಿಕ್ ಟಿಕ್ ಅಂತ ಉಳಿದಿತ್ತು. ಒಂದೊಂದೇ ಟ್ರ್ಯಾಕ್ ಸೋಲೋ ಮಾಡಿ ಹುಡುಕಿದೆ. ಒಂದು ಕಂಪ್ರೆಸರ್‌ನ ಹೊಸ ವರ್ಷನ್‌ನಲ್ಲಿ ಅಟ್ಯಾಕ್, ಅಂದರೆ ಜೋರು ಸದ್ದನ್ನು ತಗ್ಗಿಸಲು ಅದು ಹಿಡಿಯುವ ಸಮಯ, ಬದಲಾಗಿತ್ತು. ಕಿವಿಯಲ್ಲಿ ಕೇಳಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ, ಹಿಂದಿನ ಮಿಕ್ಸ್‌ಗಳೆಲ್ಲ ಸದ್ದಿಲ್ಲದೆ ಬದಲಾಗುತ್ತಿದ್ದವು. ಅಂದಿನಿಂದ ಹಳೇ ಇನ್‌ಸ್ಟಾಲರ್ ಒಂದನ್ನೂ ಅಳಿಸಿಲ್ಲ.

ಅಸಲು ಡಿಸ್ಕ್‌ಗೆ ವಾಪಸ್ ಹೋಗುವುದಿದ್ದರೆ ಮೊದಲು ನೆಟ್ ಕೇಬಲ್ ತೆಗೆಯಿರಿ. ಇಲ್ಲದಿದ್ದರೆ ಅದೂ ಅದೇ ಅಪ್‌ಡೇಟನ್ನು ಎಳೆದುಕೊಂಡು ಕೂರುತ್ತದೆ. ವಿಂಡೋಸ್ 11ರಲ್ಲಿ ಐದು ವಾರದವರೆಗೆ ಅಪ್‌ಡೇಟನ್ನು ತಡೆದಿಡಬಹುದು, ಅಷ್ಟರಲ್ಲಿ ಡ್ರೈವರ್ ಮಾಡುವವರು ಸಾಮಾನ್ಯವಾಗಿ ಎಚ್ಚೆತ್ತಿರುತ್ತಾರೆ.

ಮ್ಯಾಕ್ ಇರುವವರಿಗೆ ಇದು ಹೀಗೇ ನಡೆಯಲ್ಲ. 2020ರ ಮ್ಯಾಕ್‌ಓಎಸ್ ಬಿಗ್ ಸರ್‌ನಿಂದ ಸಿಸ್ಟಮ್ ಇರುವ ಭಾಗ (ವಾಲ್ಯೂಮ್) ಬದಲಿಸಲಾಗದಂತೆ ಸೀಲ್ ಆಗಿ ಬರುತ್ತದೆ, ಬೂಟ್ ಆಗುವ ಕ್ಲೋನ್ ಮೊದಲಿನಷ್ಟು ಸಲೀಸಲ್ಲ. ಗೆಳೆಯರೊಬ್ಬರ ಎಂ1 ಚಿಪ್‌ನ ಮ್ಯಾಕ್‌ನಲ್ಲಿ ಬೇರೆ ದಾರಿ ಹಿಡಿದೆವು. ಅದೇ ಡಿಸ್ಕ್‌ನಲ್ಲಿ ಇನ್ನೊಂದು ಎಪಿಎಫ್‌ಎಸ್ (ಆಪಲ್‌ನ ಫೈಲ್ ವ್ಯವಸ್ಥೆ) ವಾಲ್ಯೂಮ್ ಸೇರಿಸಿ, ಹೊಸ ಮ್ಯಾಕ್‌ಓಎಸ್ ಅನ್ನು ಅದಕ್ಕೆ ಇನ್‌ಸ್ಟಾಲ್ ಮಾಡಿ, ಬೇಕಾದ ಪ್ಲಗಿನ್ ಮಾತ್ರ ಅಲ್ಲಿ ಹಾಕಿ ನೋಡಿದೆವು. ಜಾಗ ಎರಡೂ ಹಂಚಿಕೊಳ್ಳುತ್ತವೆ, ಹಳೆಯದು ಹಾಗೇ ಇರುತ್ತದೆ. ಆದರೆ ಎರಡೂ ಒಂದೇ ಡಿಸ್ಕ್‌ನಲ್ಲಿ ಇರುವುದರಿಂದ ಹೊರಗೆ ಬೇರೆ ಬ್ಯಾಕಪ್ ಇರಲೇಬೇಕು. 2019ರ ಕ್ಯಾಟಲಿನಾದಲ್ಲಿ 32 ಬಿಟ್ ಪ್ಲಗಿನ್‌ಗಳು ಒಂದೇ ಏಟಿಗೆ ನಿಂತುಹೋದಾಗ ಈ ಏರ್ಪಾಡು ಇದ್ದವರು ಆರಾಮಾಗಿ ಹಳೆಯದರಲ್ಲೇ ಕೆಲಸ ಮುಂದುವರಿಸಬಹುದಿತ್ತು.

ಡ್ರಾಯರ್‌ನಲ್ಲಿ ಇಟ್ಟ ಎಸ್‌ಎಸ್‌ಡಿಯನ್ನು ಮರೆತು ವರ್ಷಗಟ್ಟಲೆ ಬಿಡಬೇಡಿ. ಕರೆಂಟ್ ಇಲ್ಲದೆ ತುಂಬಾ ದಿನ ಬಿದ್ದಿದ್ದರೆ ಫ್ಲ್ಯಾಶ್‌ನಲ್ಲಿರುವ ಚಾರ್ಜ್ ಸೋರುತ್ತದೆ. ನನ್ನ ಎರಡು ಡಿಸ್ಕ್‌ಗಳು ಸರದಿಯ ಮೇಲೆ ಓಡುವುದರಿಂದ ಆ ಭಯ ಕಡಿಮೆ. ನಕಲು ಎರಡು ಮೂರು ವಾರ ನಿಜವಾದ ಸೆಷನ್‌ಗಳಲ್ಲಿ ಪಾಸ್ ಆದರೆ ಅದೇ ಹೊಸ ಅಸಲು. ಡ್ರಾಯರ್‌ನಲ್ಲಿರುವುದನ್ನು ಮುಂದಿನ ಅಪ್‌ಡೇಟ್ ಬರುವವರೆಗೆ ಅಳಿಸುವುದಿಲ್ಲ. ಇವೆರಡರ ಹೊರತಾಗಿ ಒಂದು ಇಮೇಜ್ ಫೈಲ್ (ಇಡೀ ಡಿಸ್ಕ್‌ನ ನಕಲು ಫೈಲ್ ರೂಪದಲ್ಲಿ) ಹಳೇ ಹಾರ್ಡ್‌ಡಿಸ್ಕ್‌ನಲ್ಲಿ, ಬೇರೆ ಮನೆಯಲ್ಲಿ ಇದೆ. ಅದನ್ನು ಮೂರು ತಿಂಗಳಿಗೊಮ್ಮೆ ಹೊಸದು ಮಾಡುತ್ತೇನೆ.