ತೂಗು ಮೈಕಿನ ಕೂಗು ನಿಲ್ಲಿಸಿದ ಇಎಸ್‌ಪಿ32: ನನ್ನ ಅನುಭವ

ಹಾಸನದ ಸುತ್ತಮುತ್ತ ಪೌರಾಣಿಕ ನಾಟಕಕ್ಕೆ ಮೈಕ್ ಸೆಟ್ ಹಾಕುವವರಿಗೆ ತೂಗು ಮೈಕಿನ ಕಾಟ ಗೊತ್ತೇ ಇದೆ. ಪಾತ್ರಧಾರಿ ಮೈಕಿನಿಂದ ನಾಲ್ಕಡಿ ದೂರ ನಿಂತು ಪದ್ಯ ಎತ್ತುತ್ತಾನೆ. ಹಿಂದಿನವರು ಸೌಂಡ್ ಸಾಲದು ಎನ್ನುತ್ತಾರೆ. ಒಂದು ಗೆರೆ ಏರಿಸಿದರೆ ಸ್ಪೀಕರಿನ ಶಬ್ದ ಮೈಕಿಗೇ ಮರಳಿ ಕುಂಯ್ ಎಂಬ ಕೂಗು ಶುರು.

ನನ್ನ ಹತ್ತಿರ 31 ಬ್ಯಾಂಡಿನ ಈಕ್ವಲೈಜರ್ (ಸ್ವರದ ಒಂದೊಂದು ಎತ್ತರಕ್ಕೂ ಒಂದು ಸ್ಲೈಡರ್) ಇತ್ತು. ಸ್ಲೈಡರ್ ಇಳಿಸಿದರೆ ಕೂಗು ನಿಲ್ಲುತ್ತದೆ, ಜೊತೆಗೆ ಪಾತ್ರಧಾರಿಯ ಗಂಟಲೂ ಕಟ್ಟುತ್ತದೆ. ಒಂದೊಂದು ಸ್ಲೈಡರ್ ಅಷ್ಟು ಅಗಲಕ್ಕೆ ಕತ್ತರಿಸುತ್ತೆ. ನನಗೆ ಬೇಕಿದ್ದದ್ದು ಕೂಗುವ ಜಾಗವನ್ನಷ್ಟೇ ತೆಗೆಯುವ ಸಪೂರ ನಾಚ್. ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರು) ನಾನೇ ಮಾಡುತ್ತೇನೆ ಅಂದಾಗ ಬಿ.ಎಂ. ರಸ್ತೆಯ ರಿಪೇರಿ ಗೆಳೆಯರು ನಕ್ಕರು. "ಅಣ್ಣಾ, ನಾನೂರು ರೂಪಾಯಿ ಬೋರ್ಡಲ್ಲಿ ಲೈವ್ ಸೌಂಡಾ? ಸುಮ್ನೆ ದುಡ್ಡು ಹಾಳು" ಅಂದರು.

ದುಡ್ಡು ಹಾಳಾಗಿದ್ದು ನಿಜ. ಮೊದಲ ಸುತ್ತಿನಲ್ಲೇ ಮೂರು ಸಾವಿರದ ಆಸುಪಾಸು ಹೋಯಿತು. ಆರ್ಡುಯಿನೋ ಊನೋ ಬೋರ್ಡಿನ 10 ಬಿಟ್ ಎಡಿಸಿಯಲ್ಲಿ (ಶಬ್ದವನ್ನು ಅಂಕಿಯಾಗಿಸುವ ಭಾಗ) ಹಾಡಿಗಿಂತ ಸುರ್ ಶಬ್ದವೇ ಜಾಸ್ತಿ. ಬ್ಲೂ ಪಿಲ್‌ ಎಂಬ ಇನ್ನೊಂದು ಬೋರ್ಡಿನಲ್ಲಿ ಫ್ಲೋಟ್ (ದಶಮಾಂಶ) ಲೆಕ್ಕಕ್ಕೆ ಹಾರ್ಡ್‌ವೇರ್ ಇಲ್ಲ. 16 ಬಿಟ್ ಪೂರ್ಣಾಂಕದಲ್ಲಿ ಬರೆದರೆ ಮೇಲಿನ ಬ್ಯಾಂಡುಗಳು ಸರಿ, 63 ಹರ್ಟ್ಸ್ ಕಡೆ ಬಂದರೆ ಗೊರಗೊರ. ಆಡಿಯೋಗೆಂದೇ ಇರುವ ಎಡಿಎಯು1701 ಚಿಪ್ಪು ತಗೋ ಎಂದವರೂ ಇದ್ದರು. ಒಳ್ಳೆಯ ಚಿಪ್ಪೇ. ಆದರೆ ನನಗೆ ಜನರ ಮಧ್ಯೆ ನಿಂತು ಫೋನಿನಲ್ಲೇ ಸ್ಲೈಡರ್ ಎಳೆಯಬೇಕಿತ್ತು.

ಕೊನೆಗೆ ನಿಂತದ್ದು ಇಎಸ್‌ಪಿ32, ಒಳಬರುವ ಶಬ್ದವನ್ನು ಅಂಕಿ ಮಾಡಲು ಪಿಸಿಎಂ1808 ಚಿಪ್ಪು, ಅಂಕಿಯನ್ನು ಮತ್ತೆ ಶಬ್ದ ಮಾಡಿ ಹೊರಬಿಡಲು ಪಿಸಿಎಂ5102. ಕೋಡ್ ಬಗ್ಗೆ ಜಾಸ್ತಿ ಹೇಳಲ್ಲ, ಒಂದೊಂದು ಬ್ಯಾಂಡು, ನಾಚ್ ಎಲ್ಲ ಬೈಕ್ವಾಡ್ ಎಂಬ ಚಿಕ್ಕ ಫಿಲ್ಟರ್ ಲೆಕ್ಕವೇ. 240 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ (ಶಬ್ದದ ಒಂದೊಂದು ಅಳತೆ) ಓಡಿಸಿದರೆ ಒಂದು ಸ್ಯಾಂಪಲ್ಲಿಗೆ 5000 ಸೈಕಲ್ ಸಿಗುತ್ತದೆ. ಮಾನೋದಲ್ಲಿ ನನ್ನ 10 ಬ್ಯಾಂಡು, 6 ನಾಚ್ ಸೇರಿ ಐದನೇ ಒಂದು ಭಾಗ ತಿಂದರೆ ಹೆಚ್ಚು. ಆದರೆ ಪ್ರತಿ ದಶಮಾಂಶ ಸಂಖ್ಯೆಯ ಹಿಂದೆ ಎಫ್ ಅಕ್ಷರ ಇರಲಿ. ಇಲ್ಲದಿದ್ದರೆ ಲೆಕ್ಕ ಡಬಲ್‌ಗೆ (ಎರಡರಷ್ಟು ಬಿಟ್ಟಿನ ದಶಮಾಂಶ ಲೆಕ್ಕ) ಹೋಗುತ್ತೆ, ಅದಕ್ಕೆ ಈ ಚಿಪ್ಪಿನಲ್ಲಿ ಹಾರ್ಡ್‌ವೇರ್ ಇಲ್ಲ.

ನಿಜವಾಗಿ ಸತಾಯಿಸಿದ್ದು ಚಿಪ್ಪಿಗೆ ತಾಳ ಕೊಡುವ ಕ್ಲಾಕು. ಪಿಸಿಎಂ1808ಗೆ 12.288 ಮೆಗಾಹರ್ಟ್ಸ್ ಮಾಸ್ಟರ್ ಕ್ಲಾಕ್ ಬೇಕು. ಬ್ರೆಡ್‌ಬೋರ್ಡಿನ ಉದ್ದ ಜಂಪರ್‌ನಲ್ಲಿ ಕೊಟ್ಟರೆ ಆಗಾಗ ಟಕ್ ಟಕ್. ಕೋಡಿನಲ್ಲಿ ತಪ್ಪು ಹುಡುಕುತ್ತಾ ರಾತ್ರಿಗಳು ಕಳೆದವು. ತಂತಿಯನ್ನು ಎರಡು ಇಂಚಿಗೆ ಇಳಿಸಿ, 33 ಓಮಿನ ರೆಸಿಸ್ಟರ್ ಸೀರೀಸ್‌ನಲ್ಲಿ ಬೆಸುಗೆ ಹಾಕಿದ ಮೇಲೆ ಮೌನ! ಪಿಸಿಎಂ5102ಗೆ ಈ ತಲೆನೋವಿಲ್ಲ, ಅದರ ಎಸ್‌ಸಿಕೆ ಕಾಲನ್ನು ಗ್ರೌಂಡಿಗೆ ಹಾಕಿದರೆ ಸಾಕು. ಇನ್ನೊಂದು ವಿಷಯ. ಪಿಸಿಎಂ1808ರ ಇನ್‌ಪುಟ್ಟಿನಲ್ಲಿ 3 ವೋಲ್ಟ್ ಪೀಕ್ ಟು ಪೀಕ್ ದಾಟುವಂತಿಲ್ಲ. ಮಿಕ್ಸರ್ ಔಟ್ ಸಲೀಸಾಗಿ ದಾಟುತ್ತದೆ. ಅರ್ಧಕ್ಕೆ ಇಳಿಸುವ ಎರಡು ರೆಸಿಸ್ಟರ್ ಹಾಕಿ.

ಬಫರ್ (ಲೆಕ್ಕಕ್ಕೆ ಮುಂಚೆ ಸ್ಯಾಂಪಲ್ ಕೂಡಿಡುವ ಜಾಗ) ವಿಷಯದಲ್ಲಿ ಹೊಳೆನರಸೀಪುರ ಕಡೆಯ ಒಂದು ನಾಟಕ ಪಾಠ ಕಲಿಸಿತು. ಸೇಫ್ ಆಗಿರಲಿ ಅಂತ 1024 ಸ್ಯಾಂಪಲ್ ಇಟ್ಟಿದ್ದೆ. ಒಂದು ಬಫರಿಗೇ 21 ಮಿಲಿಸೆಕೆಂಡು, ಎರಡು ಸೇರಿದರೆ 40ರ ಮೇಲೆ. ಭೀಮ ತನ್ನ ಮಾತು ತಡವಾಗಿ ಕೇಳಿಸಿಕೊಂಡು ತಾಳ ತಪ್ಪಿದ. ಹಾರ್ಮೋನಿಯಂ ಮೇಷ್ಟ್ರು ನನ್ನನ್ನು ನೋಡಿದ ನೋಟ ಬೇಡ. ಈಗ 64 ಸ್ಯಾಂಪಲ್, ಒಟ್ಟು ನಾಲ್ಕೈದು ಮಿಲಿಸೆಕೆಂಡು. ಸ್ಪೀಕರನ್ನು ಐದಡಿ ಹಿಂದೆ ಸರಿಸಿದಷ್ಟೇ.

ವೈಫೈ ಹಾಕಿದಾಗ ಸಪ್ಲೈನಲ್ಲಿ ಟಿಕ್ ಟಿಕ್ ಬರುತ್ತದೆ. ಅನಲಾಗ್ ಕಡೆಗೆ ಬೇರೆ ರೆಗ್ಯುಲೇಟರ್ ಕೊಟ್ಟೆ, ಆಡಿಯೋವನ್ನು ಎರಡನೇ ಕೋರ್‌ನಲ್ಲಿ ಕೂರಿಸಿದೆ. ಜನರೇಟರ್ ಹಮ್‌ಗೆ ಇನ್‌ಪುಟ್ಟಿನಲ್ಲಿ 600 ಓಮಿನ ಐಸೋಲೇಶನ್ ಟ್ರಾನ್ಸ್‌ಫಾರ್ಮರ್. ಅದಕ್ಕೆ ಇನ್ನೂರು ಚಿಲ್ಲರೆ, ಉಳಿಸಲು ಹೋಗಬೇಡಿ. ಡಬ್ಬಿ, ಸಾಕೆಟ್ ಎಲ್ಲ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು. ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬಂದ ಖರ್ಚು ಬೇರೆ.

ನಡುವೆ ಒಂದು ಹುಚ್ಚು. ಕೂಗನ್ನು ತಾನೇ ಹುಡುಕಿ ನಾಚ್ ಹಾಕುವ ಹಾಗೆ ಎಫ್‌ಎಫ್‌ಟಿ (ಶಬ್ದವನ್ನು ಆವರ್ತನದ ಮನೆಗಳಾಗಿ ಬಿಡಿಸುವ ಲೆಕ್ಕ) ಸೇರಿಸಿದೆ. 1024 ಬಿಂದುವಿಗೆ ಒಂದೊಂದು ಮನೆ 47 ಹರ್ಟ್ಸ್ ಅಗಲ. ಎರಡೂವರೆ ಕಿಲೋಹರ್ಟ್ಸ್‌ನ ಕೂಗಿಗೆ ಅದು ಸಾಕು, ಕ್ಯೂ (ನಾಚ್ ಎಷ್ಟು ಸಪೂರ ಅನ್ನುವ ಅಂಕಿ) 30 ಇಟ್ಟರೂ ನಾಚ್ ಸುಮಾರು 80 ಹರ್ಟ್ಸ್ ಅಗಲ ಇರುತ್ತೆ. 300 ಹರ್ಟ್ಸ್ ಕಡೆ ಸಾಲದು, ಅಕ್ಕಪಕ್ಕದ ಮನೆಗಳನ್ನೂ ನೋಡಿ ತುದಿ ಅಂದಾಜಿಸಬೇಕು. ಚೆನ್ನಾಗೇ ಹಿಡಿಯುತ್ತಿತ್ತು. ಶಾಂತಿಗ್ರಾಮದ ರಿಹರ್ಸಲ್‌ನಲ್ಲಿ ಮೇಷ್ಟ್ರು ಶ್ರುತಿ ಒತ್ತಿ ಹಿಡಿದರು ನೋಡಿ, ಡಬ್ಬಿ ಅದನ್ನೇ ಕೂಗು ಅಂದುಕೊಂಡು ಹಾರ್ಮೋನಿಯಂ ಸ್ವರವನ್ನೇ ಕತ್ತರಿಸಿಬಿಟ್ಟಿತು! ಹಾರ್ಮೋನಿಯಂಗೂ ಕೂಗಿಗೂ ವ್ಯತ್ಯಾಸ ಇದೆ. ಒಂದಕ್ಕೆ ಮೇಲೆ ಮರಿಸ್ವರಗಳ ಸಾಲು ಇರುತ್ತದೆ, ಇನ್ನೊಂದು ಒಂಟಿ. ಅದನ್ನು ಎಷ್ಟು ಬ್ಲಾಕ್ (ಸ್ಯಾಂಪಲ್‌ಗಳ ಒಂದೊಂದು ಕಂತು) ಕಾದು, ಯಾವ ಅಳತೆಯಲ್ಲಿ ತೀರ್ಮಾನಿಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಸ್ಲೈಡರ್ ಎಳೆದಾಗ ಬರುವ ಜರ್ ಶಬ್ದಕ್ಕೆ ಉತ್ತರ ಬಿಟ್ಟಿ ಕೊಡುತ್ತೇನೆ: ಡೆಸಿಬಲ್ಲನ್ನು ಒಮ್ಮೆಲೇ ಬದಲಿಸಬೇಡಿ, ಬ್ಲಾಕಿಗಿಷ್ಟು ಅಂತ ಸರಿಸಿ.

ಈಗ ಅದೇ ಮೈಕುಗಳು ಮೊದಲಿಗಿಂತ ಐದಾರು ಡೆಸಿಬಲ್ ಜಾಸ್ತಿ ಏರಿಸಿದರೂ ಕೂಗದೆ ತಡೆದುಕೊಳ್ಳುತ್ತವೆ. ನಕ್ಕ ಗೆಳೆಯರಲ್ಲಿ ಒಬ್ಬ ತನಗೂ ಒಂದು ಮಾಡಿಕೊಡು ಎನ್ನುತ್ತಿದ್ದಾನೆ. ನಾಲ್ಕು ಸಾವಿರ ಹೇಳಿದ್ದೇನೆ. ಮೂರಕ್ಕೆ ಕೇಳುತ್ತಿದ್ದಾನೆ, ಟ್ರಾನ್ಸ್‌ಫಾರ್ಮರ್ ಅವನೇ ತಂದರೆ ನೋಡೋಣ.