ಮುಟ್ಟು ನಿಂತ ಮೇಲೆ ಕೆಳಗಿನ ತುರಿಕೆ: ತೊಳೆಯುವುದು ಕಡಿಮೆ ಮಾಡಿ, ಪಸೆ ಕೊಡಿ

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. 26 ವರ್ಷದಿಂದ ಬ್ಲೌಸು, ಲಂಗ, ಚೂಡಿದಾರ್ ಹೊಲಿಯುತ್ತಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಮಿಷಿನ್ ಮುಂದೆ ಕೂತರೆ ರಾತ್ರಿ ಎಂಟರ ತನಕ ಏಳುವುದು ಕಡಿಮೆ. ನನಗೀಗ 53. ಮುಟ್ಟು ನಿಂತಿದ್ದು 49ಕ್ಕೆ. ಅದಾಗಿ ಒಂದೂವರೆ ವರ್ಷಕ್ಕೆ ಕೆಳಗೆ ತುರಿಕೆ ಶುರುವಾಯಿತು.

ಮೊದಮೊದಲು ಸಂಜೆ ಹೊತ್ತು ಸ್ವಲ್ಪ ನವೆ. ಆಮೇಲೆ ರಾತ್ರಿ ನಿದ್ದೆ ಕೆಡಿಸುವಷ್ಟು. ಬಿಳಿ ಹೋಗುತ್ತಿರಲಿಲ್ಲ, ವಾಸನೆ ಇರಲಿಲ್ಲ, ಗುಳ್ಳೆಯೂ ಇಲ್ಲ. ಬರೀ ಒಣ ತುರಿಕೆ. ಮೂತ್ರ ಮಾಡಿದಾಗ ಕೊನೆಯಲ್ಲಿ ಚುರ್ ಅನ್ನುತ್ತಿತ್ತು. ಪೆಡಲ್ ತುಳಿಯುವಾಗ ಬಟ್ಟೆ ಉಜ್ಜಿ ಉರಿ ಬರುತ್ತಿತ್ತು. ಗಿರಾಕಿ ಎದುರಿಗೆ ನಿಂತಿದ್ದಾಗ ಕೂತಲ್ಲೇ ಜರುಗಿ ಜರುಗಿ ಕೂರುತ್ತಿದ್ದೆ.

ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಆ ಎಂಟು ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಈಗ ಅಳತೆ ಕೊಡಲು ಬರುವ ಹೆಂಗಸರು ಪರದೆ ಹಿಂದೆ ನಿಂತು ಮೆಲ್ಲಗೆ ಕೇಳುತ್ತಾರೆ, "ಅಕ್ಕಾ, ನಿಮಗೂ ಹಿಂಗೆ ಆಗಿತ್ತಾ?" ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಏನು ಬಿಡಬೇಕು

ತುರಿಕೆ ಅಂದರೆ ಕೊಳೆ ಅಂದುಕೊಂಡಿದ್ದೆ. ದಿನಕ್ಕೆ ಮೂರು ಸಲ ಸೋಪು ಹಾಕಿ ತೊಳೆದೆ. ಗಾಯಕ್ಕೆ ಹಾಕುವ ಆ್ಯಂಟಿಸೆಪ್ಟಿಕ್ ಎರಡು ಮುಚ್ಚಳ ನೀರಿಗೆ ಬೆರೆಸಿದೆ. ಬಿಸಿನೀರಿಗೆ ಉಪ್ಪು ಹಾಕಿ ಕೂತೆ. ಬಿಸಿನೀರು ತಾಗುವ ಹೊತ್ತಿಗೆ ಹಾಯೆನಿಸುತ್ತಿತ್ತು. ಅರ್ಧ ಗಂಟೆಯಲ್ಲಿ ಎರಡರಷ್ಟು ತುರಿಕೆ.

ಆಮೇಲೆ ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಕ್ರೀಮ್ ಕೊಡಿ" ಅಂದೆ. ಎಲ್ಲಿ ತುರಿಕೆ ಅಂತ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಹಚ್ಚಿದ ಎರಡು ದಿನ ಮಾಯವಾಯಿತು. ಬಿಟ್ಟ ಕೂಡಲೇ ವಾಪಸು ಬಂತು. ಮತ್ತೆ ಹಚ್ಚಿದೆ. ಹೀಗೆ ಎರಡು ಟ್ಯೂಬ್ ಮುಗಿಸಿದೆ. ಅದರಲ್ಲಿ ಫಂಗಸ್ ಔಷಧಿ, ಆ್ಯಂಟಿಬಯೋಟಿಕ್, ಜೊತೆಗೆ ಕ್ಲೋಬೆಟಾಸಾಲ್ ಅನ್ನುವ ತುಂಬಾ ಜೋರಾದ ಸ್ಟೀರಾಯ್ಡ್ ಇತ್ತು ಅಂತ ಆಮೇಲೆ ಗೊತ್ತಾಯಿತು. ಸ್ಟೀರಾಯ್ಡ್ ತುರಿಕೆಯನ್ನು ಸ್ವಲ್ಪ ಹೊತ್ತು ಅಡಗಿಸುತ್ತದೆ. ಆದರೆ ಸುಮ್ನೆ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಫಂಗಸ್ ಇದ್ದರೆ ಇನ್ನಷ್ಟು ಹರಡುತ್ತದೆ. ಟ್ಯೂಬಿನ ಮೇಲೆ ಮೂರು ನಾಲ್ಕು ಔಷಧಿಯ ಹೆಸರು ಸಾಲಾಗಿ ಇದ್ದರೆ, ಡಾಕ್ಟರ್ ಹೇಳದೆ ಅದನ್ನು ಮುಟ್ಟಬೇಡಿ.

ಕೊನೆಗೆ ಹೆಂಗಸರ ಡಾಕ್ಟರ್ ಹತ್ತಿರ ಹೋದೆ. ಪರೀಕ್ಷೆ ಮಾಡಿ ಅವರು ಹೇಳಿದ್ದು ಇಷ್ಟು: "ಅಮ್ಮಾ, ಇಲ್ಲಿ ಕೊಳೆ ಏನೂ ಇಲ್ಲ. ಒಣಗಿದೆ. ನೀವು ತೊಳೆದೂ ತೊಳೆದೂ ಇನ್ನೂ ಒಣಗಿಸಿದ್ದೀರಿ." ನನಗೆ ಅಳು ಬಂತು. ನನ್ನಲ್ಲೇ ಏನೋ ಗಲೀಜು ಇದೆ ಅಂತ ಎಂಟು ತಿಂಗಳು ನಂಬಿದ್ದೆನಲ್ಲ.

ಯಾಕೆ ಹೀಗಾಗುತ್ತದೆ

ಮುಟ್ಟು ನಿಂತಾಗ ಈಸ್ಟ್ರೋಜೆನ್ ಹಾರ್ಮೋನು ಇಳಿದುಹೋಗುತ್ತದೆ. ಆ ಜಾಗದ ಚರ್ಮ ದಪ್ಪವಾಗಿ, ಮೆತ್ತಗೆ, ಪಸೆಯಾಗಿ ಇರಲು ಅದೇ ಕಾರಣ. ಯೋನಿಯ ಒಳಗೆ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಮೊಸರಿನಲ್ಲಿ ಇರುತ್ತವಲ್ಲ, ಅದೇ ಜಾತಿಯವು. ಅವು ಹುಳಿ ಉಂಟುಮಾಡಿ ಬೇರೆ ರೋಗಾಣುಗಳನ್ನು ದೂರ ಇಡುತ್ತವೆ. ಹುಳಿ ಎಷ್ಟಿದೆ ಅಂತ ಅಳೆಯುವ ಅಂಕಿ ಪಿಎಚ್; ಅದು ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ. ಮುಟ್ಟಾಗುವ ವಯಸ್ಸಿನಲ್ಲಿ ಅಲ್ಲಿನ ಪಿಎಚ್ 3.8ರಿಂದ 4.5ರ ಒಳಗೆ ಇರುತ್ತದೆ. ಈಸ್ಟ್ರೋಜೆನ್ ಇಳಿದಾಗ ಈ ಬ್ಯಾಕ್ಟೀರಿಯಾಗಳಿಗೆ ಆಹಾರ ಸಿಗುವುದಿಲ್ಲ, ಪಿಎಚ್ 5ರ ಮೇಲೆ ಹೋಗುತ್ತದೆ. ಚರ್ಮ ತೆಳುವಾಗಿ, ಒಣಗಿ, ಸಣ್ಣ ತಿಕ್ಕಾಟಕ್ಕೂ ಉರಿಯುತ್ತದೆ. ಮೂತ್ರದ ದಾರಿಗೂ ಇದೇ ಗತಿ. ಪದೇ ಪದೇ ಉರಿಮೂತ್ರ, ಅವಸರವಾಗಿ ಮೂತ್ರ ಬರುವುದು, ಗಂಡನ ಜೊತೆ ಸೇರುವಾಗ ನೋವು, ಎಲ್ಲ ಒಂದೇ ಬೇರಿನವು. ಅದಕ್ಕೇ 2014ರಲ್ಲಿ ಡಾಕ್ಟರುಗಳ ಸಂಘಗಳು ಇದಕ್ಕೆಲ್ಲ ಸೇರಿಸಿ ಒಂದು ಹೆಸರು ಇಟ್ಟವು: ಜೆನಿಟೋಯೂರಿನರಿ ಸಿಂಡ್ರೋಮ್ ಆಫ್ ಮೆನೋಪಾಸ್. ಚೀಟಿಯಲ್ಲಿ ಜಿಎಸ್ಎಂ ಅಂತ ಬರೆದಿರುತ್ತಾರೆ.

ಮೈಯೆಲ್ಲ ಬಿಸಿಯಾಗಿ ಬೆವರುವುದು ಕೆಲವು ವರ್ಷಕ್ಕೆ ತಾನಾಗಿ ಇಳಿಯುತ್ತದೆ. ಈ ಒಣಗುವಿಕೆ ಹಾಗಲ್ಲ, ಏನೂ ಮಾಡದಿದ್ದರೆ ಸಾಮಾನ್ಯವಾಗಿ ಜಾಸ್ತಿಯಾಗುತ್ತಲೇ ಹೋಗುತ್ತದೆ. "ವಯಸ್ಸಾಯ್ತು, ಸಹಿಸ್ಕೋ" ಅನ್ನುವ ಮಾತು ಇದಕ್ಕೆ ನಡೆಯುವುದಿಲ್ಲ. ಎದೆಹಾಲು ಕುಡಿಸುವ ಬಾಣಂತಿಯರಿಗೂ ಹೀಗಾಗುತ್ತದೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ವಯಸ್ಸು 35 ಇದ್ದರೂ ಆಗುತ್ತದೆ.

ಕನ್ನಡಿ ಇಟ್ಟು ನೋಡಿಕೊಳ್ಳಿ

ನಾಚಿಕೆ ಬೇಡ. ಬಾಗಿಲು ಹಾಕಿ, ಬೆಳಕಿರುವ ಕಡೆ ಸಣ್ಣ ಕನ್ನಡಿ ಹಿಡಿದು ನೋಡಿ. ಯಾಕೆಂದರೆ ಎಲ್ಲ ತುರಿಕೆಯೂ ಹಾರ್ಮೋನಿನದ್ದಲ್ಲ. ಒಡೆದ ಮೊಸರಿನ ಹಾಗೆ ಗಟ್ಟಿ ಬಿಳಿ ಹೋಗುತ್ತಿದ್ದು, ಕೆಂಪಾಗಿ ಊದಿದ್ದರೆ ಫಂಗಸ್ ಇರಬಹುದು. ಮೀನಿನ ವಾಸನೆ ಬಂದರೆ ಬೇರೆ ಸೋಂಕು. ತೊಡೆ ಸಂದಿಯಲ್ಲಿ ಅಂಚು ಕೆಂಪಾಗಿ ಬಳೆಯ ಹಾಗೆ ಹರಡುತ್ತಿದ್ದರೆ ಅದು ಹುಳಕಡ್ಡಿ.

ಇನ್ನೊಂದಿದೆ, ಅದನ್ನು ಮಾತ್ರ ಬಿಡಬೇಡಿ. ಚರ್ಮ ಬೆಳ್ಳಗೆ, ಸಿಗರೇಟು ಸುತ್ತುವ ಕಾಗದದ ಹಾಗೆ ತೆಳುವಾಗಿ ಸುಕ್ಕುಗಟ್ಟಿದ್ದರೆ ಲೈಕನ್ ಸ್ಕ್ಲೆರೋಸಸ್ ಅನ್ನುವ ಕಾಯಿಲೆ ಇರಬಹುದು. ಮುಟ್ಟು ನಿಂತವರಲ್ಲೇ ಇದು ಜಾಸ್ತಿ, ರಾತ್ರಿ ತುರಿಕೆ ವಿಪರೀತ. ಕೆಲವೇ ಜನರಲ್ಲಿ ಆದರೂ, ವರ್ಷಗಟ್ಟಲೆ ಬಿಟ್ಟರೆ ಕ್ಯಾನ್ಸರಿಗೆ ತಿರುಗುವ ಅಪಾಯ ಇದೆ. ಚಿಕಿತ್ಸೆ ಇದೆ, ಅದು ಡಾಕ್ಟರ್ ಲೆಕ್ಕ ಹಾಕಿ ಕೊಡುವ ಸ್ಟೀರಾಯ್ಡ್ ಮುಲಾಮೇ.

ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಫಂಗಸ್ ಮತ್ತೆ ಮತ್ತೆ ಬರುತ್ತಿದ್ದರೆ ಸಕ್ಕರೆ ಕಾಯಿಲೆ ಒಳಗೇ ಇರಬಹುದು. ಈಗಾಗಲೇ ಮಾತ್ರೆ ತಗೊಳ್ಳುವವರು ಅದರಲ್ಲಿ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇದೆಯಾ ನೋಡಿ. ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಅದರಿಂದ ಫಂಗಸ್ ಸುಲಭವಾಗಿ ಹತ್ತುತ್ತದೆ. ಹಾಗಂತ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ತೊಳೆಯುವುದು

ದಿನಕ್ಕೆ ಒಂದು ಸಲ, ಉಗುರುಬೆಚ್ಚಗಿನ ಬರೀ ನೀರು, ಹೊರಗೆ ಮಾತ್ರ. ಒಳಗೆ ಬೆರಳು ಹಾಕಿ ತೊಳೆಯಬೇಡಿ. ಸೋಪು ಬೇಡ, ಕಡಲೆಹಿಟ್ಟು ಬೇಡ, ಅರಿಶಿನ ಬೇಡ, ಘಮಘಮ ಅನ್ನುವ "ಹೆಂಗಸರ ವಾಶ್" ಕೂಡ ಬೇಡ. ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಹಳೇ ಮಲ್ ಬಟ್ಟೆಯನ್ನು ದಿನಾ ಸೋಡಾ ಹಾಕಿ ಬ್ರಷ್‌ನಿಂದ ತಿಕ್ಕಿದರೆ ಎಳೆ ಹೇಗೆ ಹಿಂಜಿಹೋಗುತ್ತದೆ ಅಂತ ನನ್ನ ಕಸುಬಿನಲ್ಲಿ ನೋಡಿದ್ದೇನೆ. ನನ್ನ ಮೈಗೆ ನಾನೇ ಅದನ್ನು ಮಾಡಿದ್ದೆ.

ಬಟ್ಟೆ ವಿಷಯ ನನಗೆ ಗೊತ್ತು

ಒಳಚಡ್ಡಿ ಹತ್ತಿಯದ್ದೇ ಇರಲಿ. ಚೀಟಿಯಲ್ಲಿ ಕಾಟನ್ ಅಂತ ಇದ್ದರೂ ನಂಬಿ ಕೂರಬೇಡಿ. ಒಳಹೊಲಿಗೆಯ ಅಂಚಿನಲ್ಲಿ ಹೊಲಿದ ದಾರವನ್ನಲ್ಲ, ಬಟ್ಟೆಯದೇ ಎರಡು ಎಳೆ ಕಿತ್ತು ಬೆಂಕಿಕಡ್ಡಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್, ನೈಲಾನ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆರಳ ಮೇಲೆ ಬೀಳದ ಹಾಗೆ ಚಿಮಟದಲ್ಲಿ ಹಿಡಿಯಿರಿ.

ನೀವು ಹಾಕುವುದಕ್ಕಿಂತ ಒಂದು ಸೈಜ್ ದೊಡ್ಡದು ತಗೊಳ್ಳಿ. ತೊಡೆಯ ಎಲಾಸ್ಟಿಕ್ ಗೆರೆ ಮೂಡಿಸುತ್ತಿದ್ದರೆ ಅದು ಬಿಗಿ ಅಂತ ಅರ್ಥ. ನಡುವಿನ ತುಂಡಿನಲ್ಲಿ ಓವರ್‌ಲಾಕ್ ಹೊಲಿಗೆ ಇರುತ್ತದಲ್ಲ, ಅದರ ನೈಲಾನ್ ದಾರ ತೆಳು ಚರ್ಮಕ್ಕೆ ಗರಗಸದ ಹಾಗೆ ತಾಗುತ್ತದೆ. ಬೆರಳು ಆಡಿಸಿ ನೋಡಿ. ನಾನಂತೂ ನಮ್ಮವರ ಹಳೇ ಪಂಚೆ ಕತ್ತರಿಸಿ, ಅಂಚು ಮಡಚಿ, ಹತ್ತಿ ದಾರದಲ್ಲಿ ನಾಲ್ಕು ಹೊಲಿದುಕೊಂಡೆ. ನೂರು ಸಲ ಒಗೆದ ಪಂಚೆಗಿಂತ ಮೆತ್ತನೆ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಪುಡಿ ಕಡಿಮೆ ಹಾಕಿ, ಮೂರು ನೀರಿನಲ್ಲಿ ಹಿಂಡಿ. ವಾಸನೆ ಬರಲು ಹಾಕುವ ಕಂಡೀಷನರ್ ಬೇಡ. ಒಳಬಟ್ಟೆಯನ್ನು ಟವೆಲ್ ಕೆಳಗೆ ಬಚ್ಚಿಟ್ಟು ಬಚ್ಚಲಲ್ಲಿ ಒಣಗಿಸುವುದು ನಮ್ಮ ಮನೆಗಳ ಅಭ್ಯಾಸ. ಅರ್ಧ ಒಣಗಿದ ಬಟ್ಟೆಯೇ ಮತ್ತೆ ಮೈಗೆ ಬರುತ್ತದೆ. ಬಿಸಿಲಿಗೆ ಹಾಕಿ. ಯಾರು ನೋಡಿದರೆ ಏನಾಯಿತು? ರಾತ್ರಿ ಮಲಗುವಾಗ ಚಡ್ಡಿಯೇ ಬೇಡ, ಸಡಿಲ ಲಂಗ ಅಥವಾ ನೈಟಿ ಸಾಕು.

ಕೆಮ್ಮಿದಾಗ ಮೂತ್ರ ಜಿನುಗುತ್ತದೆ ಅಂತ ದಿನವಿಡೀ ಪ್ಲಾಸ್ಟಿಕ್ ಪ್ಯಾಡ್ ಇಟ್ಟುಕೊಳ್ಳುವವರು ತುಂಬಾ ಜನ. ಅದರ ಒದ್ದೆ, ಸೆಕೆ ಎರಡೂ ತುರಿಕೆಗೆ ದಾರಿ. ಹತ್ತಿ ಬಟ್ಟೆಯ ತುಂಡುಗಳನ್ನು ಚೀಲದಲ್ಲಿ ಇಟ್ಟುಕೊಂಡು ಬದಲಿಸುತ್ತಿರಿ.

ಪಸೆ ಕೊಡುವುದು

ನಮ್ಮೂರಿನಲ್ಲಿ ಕೊಬ್ಬರಿ ಎಣ್ಣೆಗೆ ಬರವೇ? ತೊಳೆದು ಒರೆಸಿದ ಮೇಲೆ ಎರಡು ಹನಿ ಶುದ್ಧ ಕೊಬ್ಬರಿ ಎಣ್ಣೆ ಹೊರಚರ್ಮಕ್ಕೆ ಸವರುತ್ತೇನೆ. ವಾಸನೆ ಬೆರೆಸಿದ ತಲೆಎಣ್ಣೆ ಆಗದು. ಪೆಟ್ರೋಲಿಯಂ ಜೆಲ್ಲಿಯೂ ಆಗುತ್ತದೆ. ಎರಡೂ ಹೊರಗೆ ಮಾತ್ರ. ನಿರೋಧ್ ಬಳಸುವವರು ನೆನಪಿಡಿ, ಎಣ್ಣೆ ತಾಗಿದರೆ ರಬ್ಬರ್ ಹರಿಯುತ್ತದೆ.

ಒಳಗಿನ ಒಣಗುವಿಕೆಗೆ ಮೆಡಿಕಲ್ ಶಾಪಿನಲ್ಲಿ ವಜೈನಲ್ ಮಾಯಿಶ್ಚರೈಸರ್ ಸಿಗುತ್ತದೆ. ಹಯಾಲುರೋನಿಕ್ ಆ್ಯಸಿಡ್ ಇರುವ ಜೆಲ್ ಒಳ್ಳೆಯದು, ಅದರಲ್ಲಿ ಹಾರ್ಮೋನು ಇಲ್ಲ. ವಾರಕ್ಕೆ ಎರಡು ಮೂರು ಸಲ, ತುರಿಕೆ ಇರಲಿ ಬಿಡಲಿ, ಹಾಕಬೇಕು. ಗಂಡನ ಜೊತೆ ಸೇರುವಾಗ ಬಳಸುವ ಲೂಬ್ರಿಕೆಂಟ್ ಜೆಲ್ ಬೇರೆ, ಅದು ಆ ಹೊತ್ತಿಗೆ ಮಾತ್ರ. ನೋವಾದರೆ ಗಂಡನಿಗೆ ಬಾಯಿಬಿಟ್ಟು ಹೇಳಿ. ನಾನು ಹೇಳಿದಾಗ ನಮ್ಮವರು, "ನನ್ನ ಮೇಲೆ ಬೇಜಾರಾಗಿದೆ ಅಂದ್ಕೊಂಡಿದ್ದೆ" ಅಂದರು.

ಡಾಕ್ಟರ್ ಕೊಟ್ಟ ಕ್ರೀಮ್

ನನಗೆ ಅಷ್ಟರಲ್ಲೇ ಗುಣವಾಗಲಿಲ್ಲ. ಈಸ್ಟ್ರಿಯೋಲ್ ಕ್ರೀಮ್ ಬರೆದುಕೊಟ್ಟರು, ಈಸ್ಟ್ರೋಜೆನ್‌ನ ಒಂದು ಬಗೆ. ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಟ್ಯೂಬಿಗೆ ಒಂದು ಅಪ್ಲಿಕೇಟರ್ ಕೊಳವೆ ಸಿಕ್ಕಿಸಿ, ಗೆರೆಯ ತನಕ ತುಂಬಿಸಿ, ಮಲಗಿಕೊಂಡು ಮಂಡಿ ಮಡಚಿ ಒಳಗೆ ಬಿಡಬೇಕು. ಮಲಗುವ ಹೊತ್ತಿಗೇ ಮಾಡಿ, ಎದ್ದು ಓಡಾಡಿದರೆ ಹೊರಗೆ ಬರುತ್ತದೆ. ಒಂದು ಚೂರು ಬೆರಳಲ್ಲಿ ತಗೊಂಡು ಹೊರಬಾಯಿಗೂ ಸವರಲು ಹೇಳಿದ್ದರು. ಅಳತೆ ಮಾತ್ರ ನಿಮ್ಮ ಡಾಕ್ಟರ್ ಹೇಳಿದ್ದೇ.

ಡಬ್ಬಿಯೊಳಗಿನ ಚೀಟಿ ಓದಿ ಹೆದರಿ ಐದು ದಿನ ನಿಲ್ಲಿಸಿದ್ದೆ. ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು ಅಂತೆಲ್ಲ ಇತ್ತು. ಆ ಮಾತು ಮುಖ್ಯವಾಗಿ ನುಂಗುವ ಹಾರ್ಮೋನು ಮಾತ್ರೆಗಳ ಅಧ್ಯಯನದಿಂದ ಬಂದದ್ದು, ಕಡಿಮೆ ಅಳತೆಯ ಕ್ರೀಮ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದರು. ಆದರೆ ಸ್ತನ ಕ್ಯಾನ್ಸರ್ ಆಗಿದ್ದವರು, ಲೆಟ್ರೋಜೋಲ್ ತರಹದ ಮಾತ್ರೆ ತಗೊಳ್ಳುತ್ತಿರುವವರು ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು.

ಮೊದಲ ವಾರ ಸ್ವಲ್ಪ ಉರಿಯಿತು. ಮೂರನೇ ವಾರ ರಾತ್ರಿ ಪೂರ್ತಿ ಮಲಗಿದೆ. ಮೂತ್ರದ ಚುರುಚುರು ಹೋಗಲು ಎರಡೂವರೆ ತಿಂಗಳು ಹಿಡಿಯಿತು. ಗುಣವಾಯಿತಲ್ಲ ಅಂತ ನಾಲ್ಕನೇ ತಿಂಗಳು ಬಿಟ್ಟೆ. ಆರು ವಾರಕ್ಕೆ ತುರಿಕೆ ಮರಳಿ ಬಂತು. ದೇಹದಲ್ಲಿ ಹಾರ್ಮೋನು ಮತ್ತೆ ಹುಟ್ಟುವುದಿಲ್ಲವಲ್ಲ, ಅದಕ್ಕೇ ಇದನ್ನು ಮುಂದುವರಿಸಬೇಕು. ಈಗ ಅಂಗಡಿಯ ಕ್ಯಾಲೆಂಡರಿನಲ್ಲಿ ಸೋಮವಾರ, ಗುರುವಾರಕ್ಕೆ ಸೀಮೆಸುಣ್ಣದ ಚುಕ್ಕೆ ಇಡುತ್ತೇನೆ. ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುತ್ತೇನೆ.

ಮಧ್ಯರಾತ್ರಿ ತುರಿಕೆ ಎದ್ದರೆ

ತಣ್ಣೀರಲ್ಲಿ ಹಿಂಡಿದ ಬಟ್ಟೆ ಐದು ನಿಮಿಷ ಒತ್ತಿಹಿಡಿಯಿರಿ. ಆಮೇಲೆ ಒರೆಸಿ ಎಣ್ಣೆ ಸವರಿ. ಐಸ್ ನೇರವಾಗಿ ಇಡಬೇಡಿ. ಉಗುರು ಕತ್ತರಿಸಿಕೊಂಡಿರಿ, ನಿದ್ದೆಗಣ್ಣಲ್ಲಿ ಕೆರೆದ ಗಾಯವೇ ಮರುದಿನ ಉರಿಯುವುದು.

ತಡಮಾಡದೆ ಹೋಗಬೇಕಾದ್ದು

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಹೋಗಿ. ಗಂಟು, ಮಾಯದ ಹುಣ್ಣು, ಬಿಳಿ ಮಚ್ಚೆ, ಜ್ವರದ ಜೊತೆ ಉರಿಮೂತ್ರ ಇದ್ದರೂ ಕಾಯಬೇಡಿ. ಮೇಲೆ ಹೇಳಿದ್ದೆಲ್ಲ ಮಾಡಿ ಮೂರು ವಾರಕ್ಕೂ ಕಡಿಮೆಯಾಗದಿದ್ದರೂ ಅಷ್ಟೇ.

ಬಾಯಲ್ಲಿ ಹೇಳಲು ಆಗದಿದ್ದರೆ ಬರೆದುಕೊಂಡು ಹೋಗಿ. ಹೋದ ತಿಂಗಳು ಮಗಳ ಮದುವೆ ಬ್ಲೌಸಿಗೆ ಬಂದಿದ್ದ ಒಬ್ಬರು, "ಡಾಕ್ಟರ್ ಮುಂದೆ ನಾಲಿಗೆನೇ ಏಳಲ್ಲ ಅಕ್ಕಾ" ಅಂದರು. ನಮ್ಮ ಬಿಲ್ ಚೀಟಿಯ ಹಿಂದೆ ಬರೆದುಕೊಟ್ಟೆ: "ಮುಟ್ಟು ನಿಂತು 3 ವರ್ಷ. ಕೆಳಗೆ ತುರಿಕೆ 5 ತಿಂಗಳಿಂದ, ರಾತ್ರಿ ಜಾಸ್ತಿ. ಬಿಳಿ ಇಲ್ಲ. ಮೂತ್ರ ಉರಿಯುತ್ತದೆ. ಸೇರುವಾಗ ನೋವು. ಹಚ್ಚಿದ ಕ್ರೀಮ್ ತಂದಿದ್ದೇನೆ. ದಯವಿಟ್ಟು ಪರೀಕ್ಷೆ ಮಾಡಿ ನೋಡಿ." ಅವರು ಆ ಚೀಟಿಯನ್ನೂ ಹಳೇ ಟ್ಯೂಬನ್ನೂ ಡಾಕ್ಟರ್ ಮೇಜಿನ ಮೇಲೆ ಇಟ್ಟರಂತೆ. ಅಷ್ಟೇ ಸಾಕಾಯಿತಂತೆ.